ಕೀಲು ನೋವಿನ ಮಾತ್ರೆ ಕ್ಯಾನ್ಸರ್‌ಗೆ ಯಾಕೆ ಕೊಟ್ಟರು?

ಕುಷ್ಟಗಿ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಸೋದರಮಾವನಿಗೆ 54 ವರ್ಷ. ಲಾರಿ ಓಡಿಸುತ್ತಿದ್ದರು. ಇಪ್ಪತ್ತು ವರ್ಷ ಗಲ್ಲದಲ್ಲಿ ಗುಟ್ಕಾ ಇಲ್ಲದ ದಿನ ಇಲ್ಲ. ಹೋದ ವರ್ಷ ಎಡಗಲ್ಲದ ಒಳಗೆ ಹುಣ್ಣಾಯಿತು, ತೋರಿಸಿದರೆ ಕ್ಯಾನ್ಸರ್ ಅಂದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು, ಆಮೇಲೆ ಕರೆಂಟ್ (ರೇಡಿಯೇಷನ್) ಕೊಡಿಸಿದೆವು. ಎಂಟು ತಿಂಗಳು ಚೆನ್ನಾಗೇ ಇದ್ದರು. ಈಗ ಕುತ್ತಿಗೆಯಲ್ಲಿ ಮತ್ತೆ ಗಡ್ಡೆ. ಇನ್ನೊಂದು ಸಲ ಕೊಯ್ಯೋಕೆ ಆಗಲ್ಲ ಅಂದಿದ್ದಾರೆ.

ಹೋದ ವಾರ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯೆಲ್ಲ ಕೂತೇ ಹೋದೆವು. ಡಾಕ್ಟರ್ ನೋಡಿದರು, ಮಾತ್ರೆ ಬರೆದರು. ಅಡ್ಮಿಟ್ ಇಲ್ಲ, ಬಾಟಲಿ ಇಲ್ಲ. "ಮನೆಯಲ್ಲೇ ತಗೊಳ್ಳಿ, ತಿಂಗಳು ಬಿಟ್ಟು ಬನ್ನಿ" ಅಂದರು. ಊರಿಗೆ ಬಂದು ಮೆಡಿಕಲ್ ಶಾಪ್‌ನಲ್ಲಿ ಚೀಟಿ ತೋರಿಸಿದೆ. ಅಂಗಡಿಯವರು ತಿರುಗಿಸಿ ಮುರುಗಿಸಿ ನೋಡಿ, "ಇದು ಕೀಲುವಾತದ ಮಾತ್ರೆ. ಇದು ಮಂಡಿನೋವಿಂದು. ಕ್ಯಾನ್ಸರ್‌ದು ಯಾವುದೂ ಇಲ್ವಲ್ಲ ಇದರಲ್ಲಿ" ಅಂದುಬಿಟ್ಟರು. ಅವತ್ತಿನಿಂದ ಅತ್ತೆ ಅಳೋದು ನಿಲ್ಲಿಸಿಲ್ಲ. ಬಡವರು ಅಂತ ಏನೋ ಕೈಗೆ ಕೊಟ್ಟು ಸಾಗಹಾಕಿದರು ಅನ್ನೋದು ಅವರ ಮಾತು.

ಇದರ ನಡುವೆ ಸಂಬಂಧಿಕರೊಬ್ಬರು ಮೊಬೈಲಿನಲ್ಲಿ ವಿಡಿಯೋ ನೋಡಿ ಕುರಿಗೆ ಕುಡಿಸುವ ಜಂತಿನ ಔಷಧಿ ತಂದಿದ್ದಾರೆ. ಅದರಿಂದ ಕ್ಯಾನ್ಸರ್ ಕರಗುತ್ತದಂತೆ. ಬಾಟಲಿ ಫ್ರಿಜ್ ಮೇಲೆ ಕೂತಿದೆ.

ಚೀಟಿಯಲ್ಲಿರುವುದು ಮೆಥೊಟ್ರೆಕ್ಸೇಟ್, ಸೆಲೆಕಾಕ್ಸಿಬ್. ಗೊತ್ತಿದ್ದವರು ಹೇಳಿ. ಕೊಡಬೇಕಾ, ಬಿಡಬೇಕಾ?

ಕೌಲ್ ಬಜಾರ್ ಫಾರ್ಮಸಿ

ಬಾಟಲಿ ಫ್ರಿಜ್ ಮೇಲೇ ಇರಲಿ. ಅಲ್ಲಿಂದ ಇಳಿಸಬೇಡಿ.

ನಾನು ಬಳ್ಳಾರಿಯಲ್ಲಿ 22 ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ, ಡಾಕ್ಟರ್ ಅಲ್ಲ. ಆದರೆ ನಿಮ್ಮ ಚೀಟಿ ನೋಡಿದರೆ ಸಾಗಹಾಕಿದ್ದಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ಬಾಯಿ, ಗಂಟಲಿನ ಕ್ಯಾನ್ಸರ್ ಮರಳಿ ಬಂದಾಗ ಈ ಎರಡೂ ಮಾತ್ರೆಯನ್ನು ಸೇರಿಸಿ ಕೊಡುವುದನ್ನು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 422 ಜನರ ಮೇಲೆ ಪರೀಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ಅರ್ಧ ಜನಕ್ಕೆ ಮೂರು ವಾರಕ್ಕೊಮ್ಮೆ ನರಕ್ಕೆ ಸಿಸ್‌ಪ್ಲಾಟಿನ್ ಅನ್ನೋ ಕೀಮೊ ಔಷಧಿ, ಇನ್ನರ್ಧ ಜನಕ್ಕೆ ಈ ಮಾತ್ರೆ. ಮಾತ್ರೆ ತಗೊಂಡವರೇ ಸ್ವಲ್ಪ ಜಾಸ್ತಿ ದಿನ ಬದುಕಿದರು. ಜೋರು ಅಡ್ಡಪರಿಣಾಮ ಸಿಸ್‌ಪ್ಲಾಟಿನ್‌ನಲ್ಲಿ ನೂರಕ್ಕೆ 30 ಜನಕ್ಕೆ, ಮಾತ್ರೆಯಲ್ಲಿ 19 ಜನಕ್ಕೆ. ವಾಂತಿ ಕಡಿಮೆ, ಹಾಸಿಗೆ ಹಿಡಿದು ಬಾಟಲಿ ಹಾಕಿಸಿಕೊಳ್ಳುವುದಿಲ್ಲ, ಮೂರು ವಾರಕ್ಕೊಮ್ಮೆ ರೈಲು ಹತ್ತುವುದಿಲ್ಲ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ, ಅರ್ಧ ಕಥೆ ಅಷ್ಟೇ. ಮೆಥೊಟ್ರೆಕ್ಸೇಟ್ ಹುಟ್ಟಿದ್ದೇ ಕ್ಯಾನ್ಸರ್ ಔಷಧಿಯಾಗಿ. ಅದರ ಅಕ್ಕ ಅಮಿನಾಪ್ಟೆರಿನ್. ಅದನ್ನು ತಯಾರಿಸಿದ್ದು ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. 1947-48ರಲ್ಲಿ ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಬಾಸ್ಟನ್‌ನಲ್ಲಿ ಸಿಡ್ನಿ ಫಾರ್ಬರ್ ಅದನ್ನೇ ಕೊಟ್ಟು, ಮೊದಲ ಸಲ ಕಾಯಿಲೆ ಹಿಂದೆ ಸರಿಯುವುದನ್ನು ಕಂಡರು. ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1988ರಲ್ಲಿ. ಅಂದರೆ ಅದು ಕ್ಯಾನ್ಸರ್ ಮನೆಯಿಂದ ಕೀಲಿನ ಮನೆಗೆ ಹೋದ ಮಗಳು, ಈಗ ತವರಿಗೆ ಬಂದಿದೆ. ಹೊಸದಾಗಿ ಬಂದದ್ದು ಸೆಲೆಕಾಕ್ಸಿಬ್. ಅದು ಅಪ್ಪಟ ನೋವಿನ ಮಾತ್ರೆ. ಕಾಕ್ಸ್-2 ಅನ್ನೋ ಒಂದು ಕಿಣ್ವವನ್ನು ತಡೆಯುತ್ತದೆ. ಕೀಲು ಉರಿಯೂತಕ್ಕೆ ಅದೇ ಕಾರಣ, ಗಡ್ಡೆ ತನಗೆ ಬೇಕಾದ ರಕ್ತನಾಳ ಬೆಳೆಸಿಕೊಳ್ಳುವಾಗಲೂ ಅದನ್ನೇ ಬಳಸಿಕೊಳ್ಳುತ್ತದೆ.

ದೊಡ್ಡ ಡೋಸ್ ಒಮ್ಮೆ ಕೊಟ್ಟು ಮೂರು ವಾರ ಬಿಡುವ ಬದಲು ಸಣ್ಣ ಡೋಸ್ ಬಿಡದೆ ಕೊಡುತ್ತಾ ಹೋಗೋದು. ಇದಕ್ಕೆ ಮೆಟ್ರೊನೊಮಿಕ್ ಅಂತಾರೆ.

ಗಂಗಾವತಿ ಭತ್ತ

ಅಂದರೆ ಕಾಲುವೆ ನೀರು ಬಿಟ್ಟು ಡ್ರಿಪ್ ಹಾಕಿದ ಹಾಗೆ ಅಲ್ವಾ ಅಣ್ಣಾ?

ಕೌಲ್ ಬಜಾರ್ ಫಾರ್ಮಸಿ

ಹೌದು. ಒಂದೇ ವ್ಯತ್ಯಾಸ, ಇಲ್ಲಿ ಹನಿ ಹನಿ ಹಾಕಿ ಕಳೆಗೆ ಹೋಗುವ ನೀರು ನಿಲ್ಲಿಸುತ್ತಿದ್ದಾರೆ.

ಕುಷ್ಟಗಿ ಹುಡುಗ

ಅಣ್ಣಾ, ನಿಮ್ಮ ಉತ್ತರ ಅತ್ತೆಗೆ ಓದಿ ಹೇಳಿದೆ. ಒಂದೇ ಪ್ರಶ್ನೆ ಕೇಳಿದರು. ವಾಸಿ ಆಗುತ್ತಾ?

ಕೌಲ್ ಬಜಾರ್ ಫಾರ್ಮಸಿ

ಬೆಳಿಗ್ಗೆಯಿಂದ ಇದಕ್ಕೆ ಉತ್ತರ ಬರೆದು ಬರೆದು ಅಳಿಸುತ್ತಿದ್ದೇನೆ ತಮ್ಮಾ.

ಆ ಪರೀಕ್ಷೆಯಲ್ಲಿ ಮಾತ್ರೆ ತಗೊಂಡವರಲ್ಲಿ ಅರ್ಧ ಜನ ಏಳೂವರೆ ತಿಂಗಳು ದಾಟಿದರು. ಸಿಸ್‌ಪ್ಲಾಟಿನ್‌ನವರಲ್ಲಿ ಅರ್ಧ ಜನ ಆರು ತಿಂಗಳು ದಾಟಿದರು. ಇದು ವಾಸಿ ಮಾಡುವ ಚಿಕಿತ್ಸೆ ಅಲ್ಲ, ಕಾಯಿಲೆಯನ್ನು ಹಿಡಿದು ನಿಲ್ಲಿಸುವ ಚಿಕಿತ್ಸೆ. ನಿಮ್ಮ ಮಾವ ಆ ಅರ್ಧದಲ್ಲಿ ಎಲ್ಲಿದ್ದಾರೆ ಅಂತ ಯಾರೂ ಹೇಳೋಕೆ ಆಗಲ್ಲ. ಅತ್ತೆಗೆ ಎಷ್ಟು ಹೇಳಬೇಕೋ ಅದು ನಿಮಗೆ ಬಿಟ್ಟದ್ದು.

ಕುಷ್ಟಗಿ ಹುಡುಗ

ಒಂದೂವರೆ ತಿಂಗಳಿಗೆ ಇಷ್ಟೆಲ್ಲಾನಾ ಅಣ್ಣಾ.

ಕೃಷ್ಣಾ ದಂಡೆ ಅಕ್ಕ

ತಮ್ಮಾ, ನಾನು ರಾಯಚೂರಿನವಳು. ನಮ್ಮ ಕಾಕಾನಿಗೂ ಇದೇ ಆಗಿತ್ತು, ಆರು ವರ್ಷದ ಹಿಂದೆ. ಆಗ ಈ ಮಾತ್ರೆ ನಮಗೆ ಯಾರೂ ಹೇಳಲಿಲ್ಲ. ಮೂರು ವಾರಕ್ಕೊಮ್ಮೆ ಬೆಂಗಳೂರು. ಹೋಗೋ ದಿನ, ಹಾಕೋ ದಿನ, ಬರೋ ದಿನ, ಆಮೇಲೆ ಒಂದು ವಾರ ವಾಂತಿ. ಲೆಕ್ಕ ಹಾಕಿದರೆ ಅವರು ತಮ್ಮ ಕಟ್ಟೆ ಮೇಲೆ ಕೂತು ಮಾತಾಡಿದ ದಿನಗಳು ಬೆರಳೆಣಿಕೆ. ನೀನು ತಿಂಗಳು ಎಣಿಸಬೇಡ, ಆ ತಿಂಗಳಲ್ಲಿ ಮನೆಯಲ್ಲಿರುವ ದಿನ ಎಣಿಸು.

ಇನ್ನೊಂದು. ಇದನ್ನು ಹೇಳೋಕೇ ಲಾಗಿನ್ ಆದೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ನಿನ್ನ ಚೀಟಿಯಲ್ಲೂ ಹಾಗೇ ಇರುತ್ತದೆ, ನೋಡು.

ನಮ್ಮ ಅವ್ವನಿಗೆ ಕೀಲುವಾತ. ಅದಕ್ಕೆ ಇದೇ ಮಾತ್ರೆ ಬರೆದಿದ್ದರು. ಚೀಟಿಯಲ್ಲಿ ವಾರಕ್ಕೊಮ್ಮೆ ಅಂತ ಇಂಗ್ಲಿಷಿನಲ್ಲಿ ಸಣ್ಣಗೆ ಗೀಚಿದ್ದರು. ಅಂಗಡಿಯ ಹುಡುಗ ಕವರಿನ ಮೇಲೆ ಎಲ್ಲಾ ಮಾತ್ರೆಗೂ ಹಾಕುವ ಹಾಗೆ 1-0-0 ಅಂತ ಬರೆದುಕೊಟ್ಟ. ನಾನು ದಿನಾ ಬೆಳಿಗ್ಗೆ ಚಹಾ ಆದ ಮೇಲೆ ನನ್ನ ಕೈಯಾರೆ ಕೊಟ್ಟೆ. ಆರನೇ ದಿನ ಅವ್ವ ರೊಟ್ಟಿ ತುಂಡು ಬಾಯಿಗಿಟ್ಟು ಹಾಗೇ ತೆಗೆದು ತಟ್ಟೆಯಲ್ಲಿಟ್ಟಳು. ಬಾಯಿ ತೆರೆಸಿ ನೋಡಿದರೆ ನಾಲಿಗೆ, ತುಟಿ ಒಳಗೆಲ್ಲ ಬಿಳಿ ಹುಣ್ಣು. ಖಾರ ಜಾಸ್ತಿ ಆಗಿರಬೇಕು ಅಂದುಕೊಂಡೆ. ಎಂಟನೇ ದಿನ ಜ್ವರ. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಬಿಳಿ ಕಣ ಪಾತಾಳಕ್ಕೆ ಹೋಗಿತ್ತು. ಲ್ಯೂಕೊವೊರಿನ್ ಅನ್ನೋ ಇಂಜೆಕ್ಷನ್ ಕೊಟ್ಟು, ಹನ್ನೊಂದು ದಿನ ಇಟ್ಟುಕೊಂಡು ಉಳಿಸಿದರು. ಈಗ ಅವ್ವ ಗಟ್ಟಿಯಾಗಿದ್ದಾಳೆ, ಆದರೆ ಆ ಕವರನ್ನು ನಾನು ಇನ್ನೂ ಬಿಸಾಡಿಲ್ಲ.

ಈಗ ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ಭಾನುವಾರಕ್ಕೆ ಕುಂಕುಮದ ಬೊಟ್ಟು ಇಟ್ಟಿದ್ದೇನೆ. ಮಾತ್ರೆ ಕೊಟ್ಟ ಮೇಲೆ ಅದರ ಮೇಲೆ ಪೆನ್ನಿನಿಂದ ಅಡ್ಡಗೆರೆ. ಮಿಕ್ಕ ಮಾತ್ರೆಗಳ ಡಬ್ಬಿಯಲ್ಲಿ ಇದನ್ನು ಇಡುವುದೇ ಇಲ್ಲ, ದೇವರ ಮಾಡದಲ್ಲಿ ಇಡುತ್ತೇನೆ.

ಕೌಲ್ ಬಜಾರ್ ಫಾರ್ಮಸಿ

ಅಕ್ಕ ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ. ನಾನು ಅಂಗಡಿಯಲ್ಲಿ ಈ ಮಾತ್ರೆ ಕೊಡುವಾಗ ವಾರದ ಹೆಸರನ್ನು ಕನ್ನಡದಲ್ಲಿ ಬರೆದು, ತಗೊಂಡವರಿಂದ ಓದಿಸುತ್ತೇನೆ. ಓದು ಬರದವರಾದರೆ ಬಾಯಲ್ಲಿ ಹೇಳಿಸುತ್ತೇನೆ.

ಕುಷ್ಟಗಿ ತಮ್ಮಾ, ಸೆಲೆಕಾಕ್ಸಿಬ್ ದಿನಾ ಎರಡು ಹೊತ್ತು, ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನ. ಆ ಒಂದು ದಿನ ಮೈತೂಕ, ಎತ್ತರ ನೋಡಿ ಹಲವು ಮಾತ್ರೆ ಒಟ್ಟಿಗೆ ಇರಬಹುದು, ಗಾಬರಿ ಬೇಡ. ಜ್ವರ ಬಂತು ಅಂತ ಊರಿನ ಆರ್‌ಎಂಪಿ ಹತ್ತಿರ ಹೋದರೆ ಈ ಮಾತ್ರೆ ನಡೆಯುತ್ತಿದೆ ಅಂತ ಮೊದಲೇ ಹೇಳಿ. ಕೋಟ್ರೈಮಾಕ್ಸಜೋಲ್ ಅನ್ನೋ ಆಂಟಿಬಯೋಟಿಕ್ ಇದರ ಜೊತೆ ಸೇರಿದರೆ ರಕ್ತಕಣ ಕುಸಿಯುತ್ತದೆ. ಬೇರೆ ನೋವಿನ ಇಂಜೆಕ್ಷನ್ನೂ ಬೇಡ. ಬಾಯಲ್ಲಿ ಹೊಸ ಹುಣ್ಣು, ಜ್ವರ, ಮೂತ್ರ ಕಡಿಮೆ, ಇದರಲ್ಲಿ ಯಾವುದಾದರೂ ಆದರೆ ಮುಂದಿನ ಡೋಸ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಹೇಳಿದ ದಿನ ರಕ್ತ, ಕಿಡ್ನಿ ಪರೀಕ್ಷೆ ತಪ್ಪಿಸಬೇಡಿ.

ಸತ್ಯ ಶೋಧಕ

ಫಾರ್ಮಸಿಯವರು ಮಾತ್ರೆ ಮಾರಬೇಕಲ್ಲ, ಹಾಗೇ ಹೇಳುತ್ತಾರೆ. ಜಂತಿನ ಔಷಧಿಯಿಂದ ಅಮೆರಿಕದಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಪೂರ್ತಿ ಹೋಗಿದೆ. ಅಗ್ಗ ಅಂತ ಕಂಪನಿಗಳು ಮುಚ್ಚಿಡುತ್ತಿವೆ. ಫೆನ್‌ಬೆಂಡಜೋಲ್, ಐವರ್‌ಮೆಕ್ಟಿನ್. ಹುಡುಕಿ ನೋಡಿ.

ಕೆಂಗುರಿ

ನಾನು ಕುರಿ ಸಾಕುವವನು, ಪಶು ಆಸ್ಪತ್ರೆಯಲ್ಲಿ ಸಹಾಯಕನಾಗಿಯೂ ಇದ್ದೆ. ಈ ಔಷಧಿ ನನ್ನಷ್ಟು ಕುಡಿಸಿದವರು ಇಲ್ಲಿ ಯಾರೂ ಇರಲಿಕ್ಕಿಲ್ಲ.

ಆ ಅಮೆರಿಕದವರ ಕಥೆಯಲ್ಲಿ ವಿಡಿಯೋದವರು ಒಂದು ಮಾತು ನುಂಗುತ್ತಾರೆ. ಅದೇ ಹೊತ್ತಿಗೆ ಅವರು ಹೊಸ ಇಮ್ಯುನೊಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿಯ ಪರೀಕ್ಷೆಯಲ್ಲೂ ಇದ್ದರು. ಗುಣವಾಗಿದ್ದು ಯಾವುದರಿಂದ? ಟಗರು ಗೆದ್ದ ಮೇಲೆ ಕೊರಳಿನ ತಾಯಿತ ತೋರಿಸಿ, ತಿಂಗಳುಗಟ್ಟಲೆ ತಿನ್ನಿಸಿದ ಹುರುಳಿ ಲೆಕ್ಕ ಬಿಟ್ಟ ಹಾಗಾಯಿತು. ಫೆನ್‌ಬೆಂಡಜೋಲ್ ನುಂಗಿ ಲಿವರ್ ಕೆಡಿಸಿಕೊಂಡವರ ಬಗ್ಗೆ ಡಾಕ್ಟರುಗಳು ಬರೆದಿದ್ದಾರೆ, ಅದು ವಿಡಿಯೋದಲ್ಲಿ ಬರಲ್ಲ.

ಮಜಾ ಏನಂದರೆ, ಕುರಿಯ ಜಂತಿನ ಔಷಧಿ ಒಂದು ನಿಜಕ್ಕೂ ಕ್ಯಾನ್ಸರ್ ಔಷಧಿ ಆಗಿತ್ತು. ಲೆವಮಿಸೋಲ್. ನಾವು ತೂಕ ನೋಡಿ ಬಾಯಿಗೆ ಸಿರಿಂಜಿನಿಂದ ಹಾಕುತ್ತೇವಲ್ಲ, ಅದೇ. ಅಮೆರಿಕದ ಮೇಯೊ ಕ್ಲಿನಿಕ್‌ನ ಚಾರ್ಲ್ಸ್ ಮೊರ್ಟೆಲ್ ಅವರ ತಂಡ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಿಗೆ ಅದನ್ನು ಫ್ಲೋರೊಯುರಾಸಿಲ್ ಅನ್ನೋ ಕೀಮೊ ಔಷಧಿ ಜೊತೆ ಕೊಟ್ಟು ನೋಡಿತು. 1990ರಲ್ಲಿ ಫಲಿತಾಂಶ ಬಂತು, ಸಾವು ಮೂರರಲ್ಲಿ ಒಂದು ಭಾಗ ಕಡಿಮೆ. ಅದೇ ವರ್ಷ ಸರ್ಕಾರದ ಅನುಮತಿಯೂ ಸಿಕ್ಕಿತು. ಕಂಪನಿ ಮುಚ್ಚಿಡಲಿಲ್ಲ, ಕುರಿಯ ಬೆಲೆಯ ನೂರು ಪಟ್ಟು ಇಟ್ಟು ಮಾರಿತು! ಮೊರ್ಟೆಲ್ ಅವರೇ 1992ರಲ್ಲಿ ಬಹಿರಂಗವಾಗಿ ಕೂಗಾಡಿದರು.

ಮುಂದೆ ಏನಾಯಿತು? ಇನ್ನಷ್ಟು ಪರೀಕ್ಷೆ ಮಾಡಿದರು. ಕೆಲಸ ಮಾಡಿದ್ದು ಫ್ಲೋರೊಯುರಾಸಿಲ್, ಅದರ ಜೊತೆ ಲ್ಯೂಕೊವೊರಿನ್ ಕೊಟ್ಟರೆ ಇನ್ನೂ ಒಳ್ಳೆಯದು ಅಂತ ಗೊತ್ತಾಯಿತು. ಲೆವಮಿಸೋಲ್ ಕೆಲವರ ಬಿಳಿ ರಕ್ತಕಣ ಕುಸಿಯುವ ಹಾಗೆ ಮಾಡುತ್ತಿತ್ತು. 2000ದಲ್ಲಿ ಅಮೆರಿಕದಲ್ಲಿ ಮನುಷ್ಯರ ಬಳಕೆಯಿಂದ ತೆಗೆದರು. ಈಗ ಮತ್ತೆ ಕುರಿಗೆ ಬಂದಿದೆ. ಕುರಿಗೆ ತಕರಾರಿಲ್ಲ.

ಸತ್ಯ ಶೋಧಕ

ನೀವು ನಂಬಿದ್ದು ನಿಮಗೆ.

ಸಿಂಧನೂರು ಮೇಷ್ಟ್ರು

ನಿವೃತ್ತ ಮೇಷ್ಟ್ರು ನಾನು, ಸುಮ್ನೆ ಇರೋಕೆ ಆಗಲ್ಲ. ಒಂದು ರೋಗದ ಔಷಧಿ ಇನ್ನೊಂದಕ್ಕೆ ಹೋಗೋದು ಹೊಸದೇನಲ್ಲ. ನಮ್ಮೆಲ್ಲರ ಎಡತೋಳಿನ ಮೇಲೆ ಒಂದು ಗುಳಿ ಇದೆಯಲ್ಲ, ಬಿಸಿಜಿ ಚುಚ್ಚಿದ್ದು? ಕ್ಷಯಕ್ಕೆ ಕೊಡುವ ಅದೇ ಲಸಿಕೆಯನ್ನು ಮೂತ್ರಕೋಶದ ಒಳಪದರದ ಕ್ಯಾನ್ಸರ್‌ಗೆ ಕೊಳವೆ ಮೂಲಕ ಒಳಗೆ ಬಿಡುತ್ತಾರೆ. ವಾರಕ್ಕೊಮ್ಮೆ, ಆರು ವಾರ. 1976ರಲ್ಲಿ ಶುರುವಾದದ್ದು, ಇವತ್ತಿಗೂ ಅದನ್ನು ಮೀರಿಸಿದ್ದು ಸಿಗುವುದು ಕಷ್ಟ.

ಥಾಲಿಡೊಮೈಡ್ ಕಥೆ ಇನ್ನೂ ಘೋರ. 1957ರಲ್ಲಿ ಜರ್ಮನಿಯಲ್ಲಿ ನಿದ್ದೆ ಮಾತ್ರೆಯಾಗಿ ಬಂತು, ಬಸುರಿಯರು ತಗೊಂಡರು, ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದವು. 1961ರಲ್ಲಿ ಹಿಂದಕ್ಕೆ ತಗೊಂಡರು. ಅದೇ ಮಾತ್ರೆ ಮೊದಲು ಕುಷ್ಠರೋಗದ ನೋವಿನ ಗಂಟುಗಳಿಗೆ, ಆಮೇಲೆ ಮೈಲೋಮಾ ಅನ್ನೋ ಮೂಳೆಮಜ್ಜೆಯ ಕ್ಯಾನ್ಸರ್‌ಗೆ ಬಂತು. ಎಷ್ಟೋ ಜನ ಅದರ ಮೇಲೆ, ಅದರಿಂದ ಹುಟ್ಟಿದ ಲೆನಾಲಿಡೊಮೈಡ್ ಮೇಲೆ ಬದುಕಿದ್ದಾರೆ.

ಇನ್ನು ಪಾಷಾಣ, ಅಂದರೆ ಆರ್ಸೆನಿಕ್. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಬೋರ್ ನೀರಿನ ಆರ್ಸೆನಿಕ್‌ನಿಂದ ಜನರ ಅಂಗೈ ಅಂಗಾಲು ಗಂಟುಗಟ್ಟಿದ್ದು, ಕ್ಯಾನ್ಸರ್ ಬಂದದ್ದು ನಮ್ಮ ಕಡೆಯವರಿಗೆ ನೆನಪಿರಬೇಕು. ಅದೇ ಪಾಷಾಣವನ್ನು ಚೀನಾದ ಹಾರ್ಬಿನ್‌ನಲ್ಲಿ 1970ರ ದಶಕದಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರ್‌ಗೆ ಕೊಟ್ಟರು. ವಿಟಮಿನ್ ಎ ಜಾತಿಯ ಇನ್ನೊಂದು ಔಷಧಿ ಜೊತೆ ಕೊಟ್ಟರೆ ಈಗ ಆ ಕಾಯಿಲೆಯಲ್ಲಿ ಹತ್ತರಲ್ಲಿ ಒಂಬತ್ತು ಜನ ಗುಣವಾಗುತ್ತಾರೆ. ನಮ್ಮ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಬರೀ ಪಾಷಾಣದಿಂದಲೇ ಒಳ್ಳೆಯ ಫಲ ತೋರಿಸಿದ್ದಾರೆ. ಬೋರ್ ನೀರಿನಲ್ಲೂ ಅದೇ, ಆಸ್ಪತ್ರೆಯ ಬಾಟಲಿಯಲ್ಲೂ ಅದೇ. ಯಾವ ಕಾಯಿಲೆಗೆ, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಅಂತ ಯಾರೋ ವರ್ಷಗಟ್ಟಲೆ ಕೂತು ಲೆಕ್ಕ ಹಾಕಿದ್ದಾರೆ ನೋಡಿ, ಆ ಲೆಕ್ಕ ಫ್ರಿಜ್ ಮೇಲಿನ ಬಾಟಲಿಗೆ ಇಲ್ಲ.

ಗಂಗಾವತಿ ಭತ್ತ

ಮೇಷ್ಟ್ರೇ, ಗಂಟೆ ಹೊಡೀತು 😄

ನನಗೆ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ತಗೊಂಡರೆ ಕ್ಯಾನ್ಸರ್ ಬರಲ್ಲ, ಬಂದರೂ ಹೋಗುತ್ತೆ ಅಂತ ಕೇಳಿದ್ದೆ. ಖರೇನಾ?

ಕೌಲ್ ಬಜಾರ್ ಫಾರ್ಮಸಿ

ಆಸೆ ಭಾಳ ಇತ್ತು. ಮೆಟ್‌ಫಾರ್ಮಿನ್ ತಗೊಳ್ಳುವ ಸಕ್ಕರೆ ರೋಗಿಗಳಲ್ಲಿ ಕ್ಯಾನ್ಸರ್ ಸಾವು ಕಡಿಮೆ ಕಂಡಿತ್ತು. ಸ್ತನ ಕ್ಯಾನ್ಸರ್ ಇದ್ದ 3,649 ಜನರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ 2022ರಲ್ಲಿ ನೋಡಿದರೆ, ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಕಾಯಿಲೆ ಮರಳುವುದನ್ನು ಅದು ತಡೆಯಲಿಲ್ಲ. ನೀವು ಸಕ್ಕರೆಗೆ ತಗೊಳ್ಳಿ.

ನೈಟ್ ಡ್ಯೂಟಿ ಸಿಸ್ಟರ್

ಶಿಫ್ಟ್ ಮುಗಿಸಿ ಓದುತ್ತಿದ್ದೇನೆ. ಮೆಡಿಕಲ್ ಶಾಪ್‌ನವರು ಮಾತ್ರೆಯ ಹೆಸರು ನೋಡಿ ಏನೋ ಅಂದುಬಿಡುವುದರಿಂದ ಆಗುವ ಅನಾಹುತ ನಮ್ಮ ವಾರ್ಡಿನಲ್ಲಿ ದಿನಾ ನೋಡುತ್ತೇವೆ.

ಕೀಮೊ ತಗೊಳ್ಳುವವರಿಗೆ ರಾತ್ರಿ ಒಂದು ಸಣ್ಣ ಮಾತ್ರೆ ಕೊಡುತ್ತಾರೆ, ಒಲಾನ್ಜಪಿನ್. ಅದು ಮಾನಸಿಕ ಕಾಯಿಲೆಯ ಮಾತ್ರೆ. ವಾಂತಿ ತಡೆಯುತ್ತದೆ, ಹಸಿವು ತರುತ್ತದೆ. ಪುದುಚೇರಿಯ ಜಿಪ್ಮರ್ ಆಸ್ಪತ್ರೆಯವರು 124 ರೋಗಿಗಳಲ್ಲಿ ನೋಡಿ 2023ರಲ್ಲಿ ಬರೆದಿದ್ದಾರೆ. ಎರಡೂವರೆ ಮಿಲಿಗ್ರಾಂ, ಹನ್ನೆರಡು ವಾರ. ತಗೊಂಡವರಲ್ಲಿ ನೂರಕ್ಕೆ 60 ಜನ ಚೆನ್ನಾಗಿ ತೂಕ ಹೆಚ್ಚಿಸಿಕೊಂಡರು, ತಗೊಳ್ಳದವರಲ್ಲಿ 9 ಜನ. ಆದರೆ ಅಂಗಡಿಯಲ್ಲಿ "ಇದು ಹುಚ್ಚಿನ ಮಾತ್ರೆ" ಅಂತಾರೆ, ಮನೆಯವರು ಗುಟ್ಟಾಗಿ ನಿಲ್ಲಿಸುತ್ತಾರೆ, ಮುಂದಿನ ಸಲ ರೋಗಿ ನಾಲ್ಕು ಕೆಜಿ ಇಳಿದು ಬರುತ್ತಾರೆ. ಒಬ್ಬ ಅಜ್ಜಿ ನನ್ನ ಕೈ ಹಿಡಿದು "ನನಗೆ ತಲೆ ಕೆಟ್ಟಿಲ್ಲವ್ವಾ" ಅಂತ ಹೇಳಿದ್ದರು.

ಇನ್ನೊಂದು ಹೇಳಲೇಬೇಕು. ಹಲ್ಲು ಕೀಳುವಾಗ ಮರಗಟ್ಟಿಸುವ ಲಿಡೊಕೇನ್ ಇದೆಯಲ್ಲ, ಅದನ್ನು ಸ್ತನದ ಗಡ್ಡೆ ತೆಗೆಯುವ ಮೊದಲು ಗಡ್ಡೆಯ ಸುತ್ತ ಚುಚ್ಚಿ ಏಳರಿಂದ ಹತ್ತು ನಿಮಿಷ ಕಾಯುವುದು. ರೋಗಿಗೆ ಪೂರ್ತಿ ಮಂಪರು ಕೊಟ್ಟಿರುತ್ತಾರೆ, ನೋವಿಗಾಗಿ ಅಲ್ಲ ಇದು. ಕತ್ತಿ ಬಿದ್ದಾಗ ಗಡ್ಡೆಯ ಕಣಗಳು ಬೇರೆ ಕಡೆ ಓಡದಿರಲಿ ಅಂತ. ಟಾಟಾದವರ ನೇತೃತ್ವದಲ್ಲಿ ದೇಶದ 11 ಆಸ್ಪತ್ರೆಗಳಲ್ಲಿ 1,600 ಹೆಣ್ಣುಮಕ್ಕಳ ಮೇಲೆ ಮಾಡಿದ್ದು. ಐದು ವರ್ಷಕ್ಕೆ ಬದುಕಿದ್ದವರು ಚುಚ್ಚದವರಲ್ಲಿ ನೂರಕ್ಕೆ 86, ಚುಚ್ಚಿದವರಲ್ಲಿ 90. ಖರ್ಚು ನೂರು ರೂಪಾಯಿಯೂ ಇಲ್ಲ. ನಾನಿರುವ ಕಡೆ ಒಬ್ಬ ಸರ್ಜನ್ ಇದನ್ನು ಮಾಡುತ್ತಾರೆ. ಮೊದಮೊದಲು ಆ ಹತ್ತು ನಿಮಿಷ ಥಿಯೇಟರ್‌ನಲ್ಲಿ ಎಲ್ಲರೂ ಕೈಕಟ್ಟಿ ಗೋಡೆ ಗಡಿಯಾರ ನೋಡುತ್ತಾ ನಿಲ್ಲುವುದು ವಿಚಿತ್ರ ಅನಿಸುತ್ತಿತ್ತು. ಈಗ ಅಭ್ಯಾಸ ಆಗಿದೆ.

ಪೇಟೆಂಟ್ ಮುಗಿದ ಔಷಧಿಗೆ ಕೋಟಿ ಸುರಿದು ಪರೀಕ್ಷೆ ಮಾಡೋಕೆ ಯಾವ ಕಂಪನಿಗೂ ಲಾಭ ಇಲ್ಲ. ಅದಕ್ಕೇ ಇಂಥದ್ದು ಟಾಟಾ, ಜಿಪ್ಮರ್, ಏಮ್ಸ್‌ನಂಥ ಕಡೆಯಿಂದಲೇ ಬರಬೇಕು. ರಾಯಚೂರಿನಲ್ಲಿ ಏಮ್ಸ್‌ಗಾಗಿ 2022ರಿಂದ ಧರಣಿ ಕೂತವರನ್ನು ನೋಡಿ ನಕ್ಕವರಿಗೆ ಇದನ್ನೂ ಹೇಳಿ.

ಕುಷ್ಟಗಿ ಹುಡುಗ

ಮೂರು ವಾರ ಆಯಿತು. ಉತ್ತರ ಕೊಟ್ಟ ಎಲ್ಲರಿಗೂ ಸುದ್ದಿ ಹೇಳಬೇಕು ಅನಿಸಿತು.

ಮೆಥೊಟ್ರೆಕ್ಸೇಟ್ ಮೂರು ಸಲ ಕೊಟ್ಟಿದ್ದೇವೆ, ಗುರುವಾರ. ಭಾನುವಾರ ಬೇಡ, ಅವತ್ತು ನೆಂಟರು ಬಂದು ಮರೆತು ಹೋಗುತ್ತೆ ಅಂತ ಅತ್ತೆಯೇ ಗುರುವಾರ ಮಾಡಿದರು. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆವು, ವಾರದಲ್ಲಿ ಯಾವುದಾದರೂ ಒಂದೇ ದಿನ ಇರಲಿ ಅಂದರು. ಅಕ್ಕ ಹೇಳಿದ ಹಾಗೆ ಕ್ಯಾಲೆಂಡರ್‌ಗೆ ಬೊಟ್ಟು. ರಕ್ತ ಪರೀಕ್ಷೆ ಕೊಪ್ಪಳದಲ್ಲೇ ಮಾಡಿಸಿ ಫೋಟೋ ಕಳಿಸಿದೆ, ಮುಂದುವರಿಸಿ ಅಂದರು. ಗಡ್ಡೆ ಕರಗಿಲ್ಲ. ನೋವು ಕಡಿಮೆ ಆಗಿದೆ ಅಂತ ಮಾವ ಹೇಳುತ್ತಾರೆ. ರೊಟ್ಟಿ ಆಗಲ್ಲ, ಜೋಳದ ನುಚ್ಚು ಮಜ್ಜಿಗೆಯಲ್ಲಿ ಕಲಸಿ ಅರ್ಧ ಬಟ್ಟಲು ಉಣ್ಣುತ್ತಾರೆ. ಮೊನ್ನೆ ಕಟ್ಟೆ ಮೇಲೆ ಕೂತು ಯಾವನದೋ ಲಾರಿ ರಿವರ್ಸ್ ತಗೊಳ್ಳುವುದನ್ನು ನೋಡಿ ಬೈದರು.

ಬಾಟಲಿಯನ್ನು ಕುರಿ ಇರುವವರಿಗೆ ಕೊಟ್ಟುಬಿಟ್ಟೆವು.

ಡಾಕ್ಟರ್ ಇನ್ನೊಂದು ಹೇಳಿದರು. ನಿವೊಲುಮಾಬ್ ಅನ್ನೋ ಇಂಜೆಕ್ಷನ್, ಸಣ್ಣ ಡೋಸ್. ಅದರ ಬಗ್ಗೆ ಗೊತ್ತಾ ಅಣ್ಣಾ? ಇನ್ನೊಂದು, ಇಲ್ಲಿ ಮೆಥೊಟ್ರೆಕ್ಸೇಟ್ ಸ್ಟಾಕ್ ಇಲ್ಲವಂತೆ. ಮುಂದಿನ ಗುರುವಾರಕ್ಕೆ ಬೇಕು.

ಕೌಲ್ ಬಜಾರ್ ಫಾರ್ಮಸಿ

ಗೊತ್ತು. ಅದೂ ಟಾಟಾದವರದೇ, 2023ರಲ್ಲಿ ಬಂದದ್ದು. ನಿವೊಲುಮಾಬ್ ಇಮ್ಯುನೊಥೆರಪಿ ಔಷಧಿ, ಪೂರ್ತಿ ಡೋಸ್ ಲಕ್ಷಗಟ್ಟಲೆ ಖರ್ಚು. ಅವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟರು, ಪೂರ್ತಿ ಡೋಸ್‌ನ ಹತ್ತರಲ್ಲೊಂದು ಭಾಗವೂ ಅಲ್ಲ. ನಿಮ್ಮ ಈ ಎರಡು ಮಾತ್ರೆ, ಜೊತೆಗೆ ಎರ್ಲೊಟಿನಿಬ್ ಅನ್ನೋ ಮೂರನೇ ಮಾತ್ರೆ, ಅದರ ಮೇಲೆ ಈ ಇಂಜೆಕ್ಷನ್. ಬರೀ ಮೂರು ಮಾತ್ರೆಯಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ 16, ಇಂಜೆಕ್ಷನ್ ಸೇರಿಸಿದಾಗ 43. ಹಾಗಂತ ಎಲ್ಲರಿಗೂ ಹೊಂದಲ್ಲ. ಡಾಕ್ಟರ್ ತಾವಾಗಿ ಎತ್ತಿದ್ದಾರೆ ಅಂದರೆ ಮುಂದಿನ ಸಲ ಬಿಪಿಎಲ್ ಕಾರ್ಡ್, ಆಧಾರ್ ಎರಡೂ ತಗೊಂಡು ಹೋಗಿ, ಆಯುಷ್ಮಾನ್‌ನಲ್ಲಿ ಎಷ್ಟು ಬರುತ್ತೆ ಅಂತ ಅಲ್ಲಿಯೇ ಕೇಳಿ.

ಮಾತ್ರೆ ನನ್ನ ಹತ್ತಿರ ಇದೆ. ಚೀಟಿಯ ಫೋಟೋ ಕಳಿಸಿ, ತಾರೀಖು ಕಾಣಬೇಕು. ಬುಧವಾರ ಬೆಳಿಗ್ಗೆ ಕುಷ್ಟಗಿ ಕಡೆಯ ಬಸ್ಸಿಗೆ ಹಾಕುತ್ತೇನೆ, ಕಂಡಕ್ಟರ್ ನಂಬರ್ ನಿಮಗೆ ಮೆಸೇಜ್ ಮಾಡುತ್ತೇನೆ. ಕವರಿನ ಮೇಲೆ ಗುರುವಾರ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತೇನೆ. ಅತ್ತೆಯ ಹತ್ತಿರ ಓದಿಸಿ.